ಬೆನ್ನುಹುರಿ ಪೊರೆಯ ಗಡ್ಡೆಗಳು

ಬೆನ್ನುಹುರಿಯನ್ನು ಸುತ್ತಿರುವ ಪೊರೆಗಳಲ್ಲಿ ಹುಟ್ಟುವ ಗಡ್ಡೆಗಳು ಅಪರೂಪ. ಅವುಗಳಲ್ಲಿ ಮುಖ್ಯವಾದುದು ಮೆನಿಂಜಿಯೋಮಾ. ಇದು ಬಹುಪಾಲು ಕ್ಯಾನ್ಸರ್ ಅಲ್ಲ. ಬೇರೆ ಅಂಗಗಳಿಗೆ ಹರಡುವುದಿಲ್ಲ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಆದರೆ ಬೆಳೆಯುವ ಜಾಗ ಇಕ್ಕಟ್ಟಿನದು. ಮೂಳೆಯ ಕೊಳವೆಯೊಳಗೆ ಹುರಿಯನ್ನು ಒಂದು ಬದಿಗೆ ತಳ್ಳಿ, ಚಪ್ಪಟೆ ಮಾಡಿ, ಕೊನೆಗೆ ಕಾಲುಗಳ ಬಲವನ್ನೇ ಕಸಿಯುತ್ತದೆ. ಹೊತ್ತಿಗೆ ಸರಿಯಾಗಿ ಗೊತ್ತಾದರೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ತೆಗೆದುಹಾಕಬಹುದಾದ, ನಡೆಯಲಾರದವರನ್ನು ಮತ್ತೆ ನಡೆಸಬಹುದಾದ ಕೆಲವೇ ನರರೋಗಗಳಲ್ಲಿ ಇದೂ ಒಂದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಂಥ ಕಡೆ ಇದನ್ನು ಗುರುತಿಸುವುದು ಹೇಗೆ, ಚಿಕಿತ್ಸೆಗೆ ಹೋಗುವ ದಾರಿ ಯಾವುದು ಎಂಬುದೇ ಈ ಲೇಖನದ ಮುಖ್ಯ ವಿಷಯ.

ಅಮೆರಿಕದ ಗಡ್ಡೆ ನೋಂದಣಿಯ ಲೆಕ್ಕದಲ್ಲಿ ಬೆನ್ನುಹುರಿಯ ಮೆನಿಂಜಿಯೋಮಾ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 0.2ರಷ್ಟು ಕಾಣಿಸಿಕೊಳ್ಳುತ್ತದೆ. 2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25.66 ಲಕ್ಷ. ಅದೇ ದರವನ್ನು ಇಲ್ಲಿಗೆ ಹಾಕಿದರೆ ಇಡೀ ಜಿಲ್ಲೆಗೆ ವರ್ಷಕ್ಕೆ ಐದು ಹೊಸ ರೋಗಿಗಳು. ಇದು ವಯಸ್ಸಾದವರ ರೋಗ, ನಮ್ಮಲ್ಲಿ ಕಿರಿಯರೇ ಹೆಚ್ಚು. ಹಾಗಾಗಿ ನಿಜವಾದ ಸಂಖ್ಯೆ ಇನ್ನೂ ಕಡಿಮೆಯೇ ಇರಬೇಕು. ತಾಲ್ಲೂಕು ಆಸ್ಪತ್ರೆಯ ವೈದ್ಯರೊಬ್ಬರು ತಮ್ಮ ಇಡೀ ಸೇವಾವಧಿಯಲ್ಲಿ ಇಂಥ ಒಬ್ಬಿಬ್ಬರನ್ನು ನೋಡಿದರೆ ಹೆಚ್ಚು. ನಡುನೋವಿನ ರೋಗಿಗಳಾದರೋ ಅವರ ಮುಂದೆ ದಿನವೂ ಸಾಲುಗಟ್ಟಿರುತ್ತಾರೆ. ಈ ಗಡ್ಡೆ ತಪ್ಪಿಸಿಕೊಳ್ಳುವುದು ಆ ಸಾಲಿನಲ್ಲಿಯೇ.

ಹುರಿ ಮತ್ತು ಅದರ ಪೊರೆಗಳು

ಬೆನ್ನುಹುರಿ ಮಿದುಳಿನ ಬುಡದಿಂದ ಹೊರಟು ಬೆನ್ನೆಲುಬಿನ ಕೊಳವೆಯೊಳಗೆ ಇಳಿಯುತ್ತದೆ. ವಯಸ್ಕರಲ್ಲಿ ಅದರ ಉದ್ದ 42ರಿಂದ 45 ಸೆಂಟಿಮೀಟರ್. ಬೆನ್ನೆಲುಬು ಕೊನೆಯಾಗುವವರೆಗೆ ಹುರಿ ಇಳಿಯುವುದಿಲ್ಲ. ಸೊಂಟದ ಮೊದಲ ಮಣಿ ಮತ್ತು ಎರಡನೆಯ ಮಣಿಯ ನಡುವೆಯೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಇರುವುದು ನರಗಳ ಜೊಂಪೆ ಮಾತ್ರ. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಪತ್ತೆಯ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಹುರಿಗೆ ಮೂರು ಹೊದಿಕೆ. ಎಲ್ಲಕ್ಕಿಂತ ಹೊರಗಿನದು ದಪ್ಪನಾದ ಗಟ್ಟಿ ಪೊರೆ, ಡ್ಯೂರಾ. ಅದರೊಳಗೆ ಜೇಡರ ಬಲೆಯಂಥ ಅರಕ್ನಾಯ್ಡ್. ಹುರಿಗೇ ಅಂಟಿಕೊಂಡದ್ದು ತೆಳುವಾದ ಪಯಾ. ಕೊನೆಯ ಎರಡರ ನಡುವೆ ತಿಳಿನೀರಿನಂಥ ದ್ರವ ತುಂಬಿರುತ್ತದೆ. ಮೆನಿಂಜಿಯೋಮಾ ಹುಟ್ಟುವುದು ಅರಕ್ನಾಯ್ಡಿನ ‘ಟೋಪಿ ಕೋಶ’ಗಳಿಂದ. ನರದ ಬೇರುಗಳು ಹೊರಹೋಗುವ ಕಡೆ ಈ ಕೋಶಗಳು ಹೆಚ್ಚಾಗಿರುವುದರಿಂದ ಗಡ್ಡೆ ಸಾಮಾನ್ಯವಾಗಿ ಹುರಿಯ ಪಕ್ಕದಲ್ಲಿ ಕೂತು, ಡ್ಯೂರಾಕ್ಕೆ ಅಂಟಿಕೊಂಡು, ಹುರಿಯನ್ನು ಎದುರು ಬದಿಗೆ ಒತ್ತುತ್ತದೆ. ಹುರಿಯ ಒಳಕ್ಕೆ ನುಗ್ಗುವುದು ಅಪರೂಪ. ಶಸ್ತ್ರಚಿಕಿತ್ಸೆ ಫಲ ಕೊಡುವುದಕ್ಕೆ ಕಾರಣವೂ ಇದೇ.

ರೋಗಿಗಳಲ್ಲಿ ಹೆಚ್ಚಿನವರು ನಲವತ್ತು ದಾಟಿದ ಹೆಂಗಸರು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು, ಅದರಲ್ಲೂ ಎದೆಮಟ್ಟದ ಬೆನ್ನಿನಲ್ಲಿ. ಗಡ್ಡೆಯ ಕೋಶಗಳಲ್ಲಿ ಪ್ರೊಜೆಸ್ಟರಾನ್ ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕಗಳು ಸಿಗುತ್ತವೆ; ಬಸಿರಿನಲ್ಲಿ ಕೆಲವರ ಲಕ್ಷಣಗಳು ಥಟ್ಟನೆ ಉಲ್ಬಣಿಸುವುದೂ ಉಂಟು. ಹೆರಿಗೆಯ ಆಸುಪಾಸಿನಲ್ಲಿ ಕಾಲು ಸೋತರೆ ಅದನ್ನು ಬಾಣಂತನದ ವಾಯು ಎಂದು ಎಣ್ಣೆ ಹಚ್ಚಿ ಮಲಗಿಸುವ ಮನೆಗಳು ಇನ್ನೂ ಇವೆ. ಕಾಲಿನ ಸೋಲು ಬಾಣಂತನದ ಸಹಜ ಸ್ಥಿತಿಯಲ್ಲ. ಅದಕ್ಕೆ ಕಾರಣ ಹುಡುಕಲೇಬೇಕು.

ಎಳೆಯರಲ್ಲಿ ಈ ಗಡ್ಡೆ ಕಂಡರೆ ವಂಶವಾಹಿಯ ಕಡೆ ನೋಡಬೇಕಾಗುತ್ತದೆ. 22ನೆಯ ವರ್ಣತಂತುವಿನಲ್ಲಿರುವ ಎನ್‌ಎಫ್2 ವಂಶವಾಹಿಯನ್ನು 1993ರಲ್ಲಿ ಗುರುತಿಸಲಾಯಿತು. ಅದು ಕೆಟ್ಟ ಕುಟುಂಬಗಳಲ್ಲಿ ಎರಡೂ ಕಿವಿಯ ನರಗಳ ಮೇಲೆ ಗಡ್ಡೆ, ಕಿವುಡು, ಜೊತೆಗೆ ಮಿದುಳು-ಬೆನ್ನುಹುರಿಗಳ ಪೊರೆಯಲ್ಲಿ ಹಲವು ಗಡ್ಡೆಗಳು ಬರುತ್ತವೆ. ಹಾಗಾಗಿ ಎಳೆಯ ರೋಗಿಯ ಮನೆಯಲ್ಲಿ ಕಿವುಡರು ಇದ್ದಾರೆಯೇ ಎಂದು ಕೇಳುವುದು ಕುತೂಹಲದ ಪ್ರಶ್ನೆಯಲ್ಲ.

ಕಾಲು ಹೇಳುವ ಮಾತು

ಮೆನಿಂಜಿಯೋಮಾದ ಹತ್ತರಲ್ಲಿ ಏಳೆಂಟು ಎದೆಮಟ್ಟದಲ್ಲಿ, ಅಂದರೆ ಭುಜದೆಲುಬುಗಳ ನಡುವಿನಿಂದ ಪಕ್ಕೆಲುಬಿನ ಕೊನೆಯವರೆಗಿನ ಭಾಗದಲ್ಲಿ ಇರುತ್ತವೆ. ರೋಗಿ ದೂರುವುದು ಮಾತ್ರ ಕಾಲನ್ನು. "ಕಾಲು ಜೋಮು ಹಿಡದಾವ", "ನಡ ಹಿಡದದ", "ಹೆಜ್ಜಿ ತಪ್ಪಿ ಬೀಳತೀನಿ" ಎಂದು ಬರುತ್ತಾರೆ. ಗಡ್ಡೆ ಮೇಲೆ, ಗೋಳು ಕೆಳಗೆ. ಇಡೀ ರೋಗದ ವಂಚನೆ ಇಷ್ಟೇ.

ಮೊದಲ ಲಕ್ಷಣ ಹೆಚ್ಚಾಗಿ ನೋವು. ಬೆನ್ನಿನ ಒಂದು ಜಾಗದಲ್ಲಿ, ಇಲ್ಲವೇ ಪಕ್ಕೆಯಿಂದ ಹೊಟ್ಟೆಗೆ ಪಟ್ಟಿ ಬಿಗಿದಂತೆ. ಎದೆಮಟ್ಟದ ನರದ ಬೇರು ಒತ್ತಿದಾಗ ಬರುವ ಈ ಸುತ್ತುನೋವನ್ನು ಪಿತ್ತಕೋಶದ್ದು, ಹೊಟ್ಟೆಹುಣ್ಣಿನದು ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ತಿನ್ನುವವರಿದ್ದಾರೆ. ದುಡಿದು ದಣಿದ ಬೆನ್ನಿನ ನೋವು ಮಲಗಿದರೆ ಇಳಿಯುತ್ತದೆ. ಗಡ್ಡೆಯ ನೋವು ಮಲಗಿದಾಗಲೇ ಏರುತ್ತದೆ, ನಡುರಾತ್ರಿ ಎಬ್ಬಿಸಿ ಕೂರಿಸುತ್ತದೆ. ತೊಗರಿ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವ ಹೆಂಗಸಿಗೆ ಬೆನ್ನುನೋವು ಇರುವುದೇ ಸಹಜ ಎಂದು ಮನೆಯವರೂ ಅವಳೂ ನಂಬಿರುತ್ತಾರೆ. ಅದಕ್ಕೇ ರಾತ್ರಿಯ ನೋವನ್ನು ಬೇರೆಯಾಗಿಯೇ ಕೇಳಬೇಕು.

ನೋವಿನ ಹಿಂದೆಯೇ ಕಾಲಿನ ಬಿಗಿತ. ಹೆಜ್ಜೆ ಎತ್ತಲಾಗದೆ ಎಳೆಯುವುದು, ಹೊಸ್ತಿಲಿಗೆ ಹೆಬ್ಬೆರಳು ತಗಲುವುದು, ಚಪ್ಪಲಿ ಕಳಚಿ ಹಿಂದೆ ಉಳಿದರೂ ತಿಳಿಯದೆ ಮುಂದೆ ನಡೆದುಬಿಡುವುದು. ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ಓಲಾಡುವುದು, ಕತ್ತಲಲ್ಲಿ ಹೊರಗೆ ಹೋಗಲು ಹೆದರುವುದು: ಪಾದ ಎಲ್ಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರತಂತುಗಳು ಒತ್ತಿಹೋಗಿವೆ ಎಂಬುದರ ಗುರುತು ಇದು. ಗಡ್ಡೆ ಒಂದು ಬದಿಗೆ ಇದ್ದರೆ ಆ ಬದಿಯ ಕಾಲು ಸೋಲುತ್ತದೆ, ಎದುರು ಬದಿಯ ಕಾಲಿಗೆ ಬಿಸಿ-ತಂಪು ತಿಳಿಯದು. ಸ್ನಾನದ ನೀರು ಒಂದು ಕಾಲಿಗೆ ಸುಟ್ಟು ಇನ್ನೊಂದಕ್ಕೆ ಉಗುರುಬೆಚ್ಚಗೆ ಎನ್ನಿಸಿದರೆ ಹುರಿಯ ರೋಗವನ್ನು ಶಂಕಿಸಬೇಕು. 19ನೆಯ ಶತಮಾನದಲ್ಲಿ ಇದನ್ನು ವಿವರಿಸಿದ ಬ್ರೌನ್-ಸೆಕಾರ್ಡ್ ಹೆಸರಿನಲ್ಲಿಯೇ ವೈದ್ಯರು ಇದನ್ನು ಕರೆಯುತ್ತಾರೆ.

ಮೂತ್ರ ಕಟ್ಟುವುದು, ತಡೆಯಲಾಗದೆ ಹೋಗುವುದು ಸಾಮಾನ್ಯವಾಗಿ ತಡವಾಗಿ ಬರುತ್ತದೆ. ಹೆಂಗಸರು ಇದನ್ನು ಗಂಡು ವೈದ್ಯರ ಮುಂದೆ ತಾವಾಗಿ ಹೇಳುವುದು ಕಡಿಮೆ. ಆಶಾ ಕಾರ್ಯಕರ್ತೆ, ನರ್ಸ್ ಅಕ್ಕಂದಿರು ಕೇಳಿದರೆ ಹೇಳುತ್ತಾರೆ. ಹಳ್ಳಿಯಲ್ಲಿ ಇದಕ್ಕೆಲ್ಲ ಸೇರಿ "ಲಕ್ವಾ ಹೊಡದದ" ಎಂಬ ಒಂದೇ ಮಾತು. ಲಕ್ವಾ ಥಟ್ಟನೆ ಹೊಡೆಯುವಂಥದ್ದು, ಹೆಚ್ಚಾಗಿ ದೇಹದ ಒಂದು ಬದಿಗೆ. ತಿಂಗಳುಗಟ್ಟಲೆ ಮೆಲ್ಲಗೆ ಎರಡೂ ಕಾಲು ಸೋಲುತ್ತ ಬಂದದ್ದು, ಮುಖ-ಮಾತು ಸರಿಯಿದ್ದದ್ದು ಲಕ್ವಾ ಅಲ್ಲ.

ಸುತ್ತಿಗೆ, ಗುಂಡುಸೂಜಿ, ಆಮೇಲೆ ಎಂಆರ್‌ಐ

ಎಂಆರ್‌ಐ ಇಲ್ಲದ ಊರಿನಲ್ಲಿಯೂ ಈ ರೋಗವನ್ನು ಶಂಕಿಸಬಹುದು. ಶಂಕಿಸುವ ಸಾಮಗ್ರಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದೆ. ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಅತಿಯಾಗಿ ಚಿಮ್ಮಿದರೆ, ಅಂಗಾಲಿನ ಹೊರ ಅಂಚನ್ನು ಕೀಲಿಕೈಯಿಂದ ಗೀರಿದಾಗ ಹೆಬ್ಬೆರಳು ಮಡಚದೆ ಮೇಲಕ್ಕೆದ್ದರೆ, ದೋಷ ಸೊಂಟದ ನರದಲ್ಲಿಲ್ಲ, ಅದಕ್ಕಿಂತ ಮೇಲೆ ಹುರಿಯಲ್ಲಿಯೋ ಮಿದುಳಿನಲ್ಲಿಯೋ ಇದೆ. ಈ ಹೆಬ್ಬೆರಳಿನ ಗುರುತನ್ನು ಪ್ಯಾರಿಸಿನ ಜೋಸೆಫ್ ಬಾಬಿನ್‌ಸ್ಕಿ 1896ರಲ್ಲಿ ವಿವರಿಸಿದರು. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ. ನೂರಾರು ಸ್ಕ್ಯಾನುಗಳಿಗಿಂತ ಇದರ ಬೆಲೆ ದೊಡ್ಡದು ಎಂಬುದು ಉತ್ಪ್ರೇಕ್ಷೆಯಲ್ಲ.

ಮುಂದಿನದು ಗುಂಡುಸೂಜಿ. ಪಾದದಿಂದ ಮೇಲಕ್ಕೆ ಮೆಲ್ಲಗೆ ಚುಚ್ಚುತ್ತ ಹೋದರೆ ಒಂದು ಗೆರೆಯಿಂದಾಚೆ ಚುಚ್ಚು ಚುರುಕಾಗುತ್ತದೆ. ಮೊಲೆತೊಟ್ಟಿನ ಮಟ್ಟ ಎದೆಯ 4ನೆಯ ನರದ್ದು, ಪಕ್ಕೆಲುಬುಗಳು ಕೂಡುವ ಎದೆಗುಂಡಿಯ ತುದಿ 6ನೆಯದು, ಹೊಕ್ಕುಳು 10ನೆಯದು. ಆದರೆ ಇಲ್ಲೊಂದು ಎಚ್ಚರ ಬೇಕು. ಕಾಲಿನಿಂದ ಬರುವ ತಂತುಗಳು ಹುರಿಯ ಹೊರ ಅಂಚಿನಲ್ಲಿ ಏರುತ್ತವೆ. ಹೊರಗಿನಿಂದ ಒತ್ತುವ ಗಡ್ಡೆ ಮೊದಲು ಅವನ್ನೇ ಹಿಡಿಯುತ್ತದೆ. ಹಾಗಾಗಿ ಗೆರೆ ಹೊಕ್ಕುಳಿನಲ್ಲಿ ಸಿಕ್ಕರೂ ಗಡ್ಡೆ ಅದಕ್ಕಿಂತ ಬಹಳ ಮೇಲೆ ಕೂತಿರಬಹುದು.

ತಪ್ಪು ನಡೆಯುವುದು ಇದರ ಮುಂದಿನ ಹಂತದಲ್ಲಿ. ಕಾಲುನೋವು ಎಂದೊಡನೆ ಸೊಂಟದ ಎಂಆರ್‌ಐ ಬರೆಯುವುದು ರೂಢಿ. ಸೊಂಟದ ಚಿತ್ರದಲ್ಲಿ ಹುರಿಯ ತುದಿಯಷ್ಟೇ ಬೀಳುತ್ತದೆ. ಎದೆಮಟ್ಟದ ಗಡ್ಡೆ ಚೌಕಟ್ಟಿನ ಹೊರಗೆ ಉಳಿಯುತ್ತದೆ. ನಲವತ್ತು ದಾಟಿದ ಹೆಚ್ಚಿನವರ ಸೊಂಟದ ಚಿತ್ರದಲ್ಲಿ ಸವೆದ ಡಿಸ್ಕ್ ಕಾಣುತ್ತದೆ, ರಿಪೋರ್ಟಿನಲ್ಲಿ ಅದೇ ಕಾರಣವಾಗಿ ಕೂರುತ್ತದೆ. ಬೆಲ್ಟು, ಟ್ರಾಕ್ಷನ್, ಇಂಜೆಕ್ಷನ್ ಎಂದು ವರ್ಷ ಕಳೆಯುತ್ತದೆ. ಕೆಲವರಿಗೆ ಡಿಸ್ಕ್ ಆಪರೇಷನ್ನೂ ಆಗಿಬಿಡುತ್ತದೆ. ಇದಕ್ಕೆ ಪರಿಹಾರ ಸುಲಭ: ಚೀಟಿಯಲ್ಲಿ "ಹೋಲ್ ಸ್ಪೈನ್ ಸ್ಕ್ರೀನಿಂಗ್ ಸಹಿತ" ಎಂದು ಬರೆದರೆ ಕುತ್ತಿಗೆಯಿಂದ ಬಾಲದೆಲುಬಿನವರೆಗೆ ಒಂದು ಉದ್ದ ಚಿತ್ರ ಕೆಲವೇ ನಿಮಿಷದಲ್ಲಿ ಸಿಗುತ್ತದೆ. ಮಂಡಿ ಚಿಮ್ಮುವ, ಹೆಬ್ಬೆರಳು ಮೇಲೇಳುವ ಯಾವ ರೋಗಿಗೂ ಸೊಂಟದ ಎಂಆರ್‌ಐ ಒಂದನ್ನೇ ಬರೆಯಬಾರದು.

ಎಂಆರ್‌ಐಯಲ್ಲಿ ಮೆನಿಂಜಿಯೋಮಾ ದುಂಡಗೆ, ಅಂಚು ಸ್ಪಷ್ಟವಾಗಿ, ಹುರಿಯ ಹೊರಗೆ ಆದರೆ ಡ್ಯೂರಾದೊಳಗೆ ಕಾಣುತ್ತದೆ. ಗ್ಯಾಡೋಲಿನಿಯಂ ಔಷಧ ರಕ್ತನಾಳಕ್ಕೆ ಕೊಟ್ಟು ಮತ್ತೆ ಚಿತ್ರ ತೆಗೆದರೆ ಗಡ್ಡೆ ಒಂದೇ ಸಮನೆ ಬೆಳಗುತ್ತದೆ, ಡ್ಯೂರಾದ ಉದ್ದಕ್ಕೂ ಬಾಲದಂಥ ಎಳೆಯೂ ಕಾಣಬಹುದು. ಈ ಔಷಧಕ್ಕೆ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ನೋಡುತ್ತಾರೆ. ಸಿಟಿಯಲ್ಲಿ ಗಡ್ಡೆಯೊಳಗೆ ಸುಣ್ಣದ ಅಂಶ ಕಂಡರೆ ಅದು ಗಟ್ಟಿ ಗಡ್ಡೆ, ತೆಗೆಯುವುದು ಕಷ್ಟ ಎಂಬ ಮುನ್ಸೂಚನೆ. ನರದ ಕವಚದಲ್ಲಿ ಹುಟ್ಟುವ ಶ್ವಾನೋಮಾ ಇದರ ಹತ್ತಿರದ ಸಂಬಂಧಿ. ಅದು ನರದ ಜೊತೆ ಮಣಿಗಳ ನಡುವಿನ ರಂಧ್ರದಿಂದ ಹೊರಗೆ ಚಾಚಬಹುದು, ಒಳಗೆ ನೀರುಗುಳ್ಳೆಗಳೂ ಇರಬಹುದು.

ಈ ಸೀಮೆಯಲ್ಲಿ ಹುರಿಯನ್ನು ಕಾಡುವ ಇತರ ರೋಗಗಳನ್ನೂ ಜೊತೆಗೇ ಎಣಿಸಬೇಕು. ಮೊದಲನೆಯದು ಬೆನ್ನೆಲುಬಿನ ಕ್ಷಯ. ಜ್ವರ, ತೂಕ ಇಳಿಯುವುದು, ಒತ್ತಿದರೆ ನೋಯುವ ಮಣಿ, ಗೂನು. ಚಿತ್ರದಲ್ಲಿ ಮಣಿಯೂ ಡಿಸ್ಕೂ ಕರಗಿರುತ್ತವೆ. ಮೆನಿಂಜಿಯೋಮಾ ಮೂಳೆಯನ್ನು ತಿನ್ನುವುದಿಲ್ಲ. ಎರಡನೆಯದು ಫ್ಲೋರೋಸಿಸ್. ಕಲಬುರಗಿ ಜಿಲ್ಲೆಯ ಕೆಲವು ಭಾಗಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಬಹುಕಾಲ ಕುಡಿದರೆ ಎಲುಬು ದಪ್ಪವಾಗಿ, ಅಸ್ಥಿಬಂಧಗಳು ಕಲ್ಲಾಗಿ, ಹುರಿಯ ಕೊಳವೆಯೇ ಕಿರಿದಾಗಬಹುದು. ಹಲ್ಲಿನ ಕಂದು ಕಲೆ, ಬಾಗದ ಬೆನ್ನು ಅದರ ಗುರುತು. ಇನ್ನು ಬಿ12 ಕೊರತೆ. ಹಾಲು ಮೊಸರನ್ನೂ ಕಡಿಮೆ ಬಳಸುವ ಸಸ್ಯಾಹಾರಿಗಳಲ್ಲಿ ಇದು ಹುರಿಯನ್ನೇ ಕೆಡಿಸಿ ಕಾಲು ಜೋಮು ಹಿಡಿಸುತ್ತದೆ. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಇಂಜೆಕ್ಷನ್ನಿನಲ್ಲಿ ತಿದ್ದಬಹುದು. ಬಿ12 ಕಡಿಮೆ ಬಂತೆಂದು ಗಡ್ಡೆ ಇಲ್ಲವೆಂದು ತೀರ್ಮಾನಿಸುವಂತಿಲ್ಲ, ಎರಡೂ ಒಬ್ಬರಲ್ಲೇ ಇರಬಹುದು.

ಚಿಕಿತ್ಸೆಯ ಹಿಂದಿನ ದಾರಿ

ಹುರಿಯನ್ನು ಒತ್ತಿದ್ದ ಗಡ್ಡೆಯೊಂದನ್ನು ಮೊದಲ ಬಾರಿಗೆ ಯಶಸ್ವಿಯಾಗಿ ತೆಗೆದದ್ದು 1887ರ ಜೂನ್‌ನಲ್ಲಿ, ಲಂಡನ್ನಿನಲ್ಲಿ. ರೋಗ ಎಲ್ಲಿದೆಯೆಂದು ಬರೀ ಪರೀಕ್ಷೆಯಿಂದ ಹೇಳಿದವರು ವಿಲಿಯಂ ಗೋವರ್ಸ್, ಶಸ್ತ್ರ ಹಿಡಿದವರು ವಿಕ್ಟರ್ ಹಾರ್ಸ್ಲಿ. ರೋಗಿ ವರ್ಷಗಳಿಂದ ನೋವಿನಲ್ಲಿ ಬೆಂದಿದ್ದ, ಕಾಲು ಬಿದ್ದುಹೋಗಿದ್ದ ಒಬ್ಬ ಸೇನಾಧಿಕಾರಿ. ಎಣಿಸಿದ್ದ ಜಾಗದಲ್ಲಿ ಮೂಳೆ ತೆಗೆದಾಗ ಗಡ್ಡೆ ಸಿಗಲಿಲ್ಲ. ಮತ್ತೂ ಮೇಲಕ್ಕೆ ಹೋದಾಗ ಸಿಕ್ಕಿತು. ಆತ ಮತ್ತೆ ನಡೆದಾಡಿದ, ಕೆಲಸಕ್ಕೂ ಮರಳಿದ. ಎಂಆರ್‌ಐ ಬಿಡಿ, ಕ್ಷಕಿರಣವೂ ಇಲ್ಲದ ಕಾಲ ಅದು. ಮೆನಿಂಜಿಯೋಮಾ ಎಂಬ ಹೆಸರು ಕೊಟ್ಟದ್ದು ಅಮೆರಿಕದ ಹಾರ್ವೆ ಕುಶಿಂಗ್, 1922ರಲ್ಲಿ. ಅದೇ ಹೊತ್ತಿಗೆ, 1921ರಲ್ಲಿ, ಫ್ರಾನ್ಸಿನ ಸಿಕಾರ್ ಮತ್ತು ಫಾರೆಸ್ಟಿಯೇ ಬೆನ್ನಿನ ದ್ರವದೊಳಗೆ ಅಯೋಡಿನ್ ಬೆರೆತ ಎಣ್ಣೆ ಬಿಟ್ಟು ಅದು ಎಲ್ಲಿ ತಡೆದು ನಿಲ್ಲುತ್ತದೆಂದು ಕ್ಷಕಿರಣದಲ್ಲಿ ನೋಡುವ ವಿಧಾನ ಕಂಡುಕೊಂಡರು. ಎಂಆರ್‌ಐ ಬರುವವರೆಗೆ ಮೈಲೋಗ್ರಫಿ ಎಂಬ ಈ ವಿಧಾನವೇ ಆಸರೆಯಾಗಿತ್ತು. ಪೇಸ್‌ಮೇಕರ್ ಇದ್ದು ಎಂಆರ್‌ಐ ಮಾಡಲಾಗದವರಿಗೆ ಸಿಟಿಯೊಡನೆ ಅದನ್ನು ಈಗಲೂ ಮಾಡುತ್ತಾರೆ.

ಭಾರತದಲ್ಲಿ ನರಶಸ್ತ್ರಚಿಕಿತ್ಸೆಯ ಮೊದಲ ವಿಭಾಗವನ್ನು ವೆಲ್ಲೂರಿನ ಸಿಎಂಸಿಯಲ್ಲಿ ಜೇಕಬ್ ಚಾಂಡಿ 1949ರಲ್ಲಿ ತೆರೆದರು. ಮರುವರ್ಷ ಮದ್ರಾಸಿನಲ್ಲಿ ಬಿ. ರಾಮಮೂರ್ತಿ. ಕರ್ನಾಟಕದಲ್ಲಿ ಈ ವಿದ್ಯೆಯನ್ನು ಕಟ್ಟಿ ನಿಲ್ಲಿಸಿದವರು ಡಾ. ಆರ್. ಎಂ. ವರ್ಮಾ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಅವರು ಆರಂಭಿಸಿದ ವಿಭಾಗವೇ, ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆದಾಗ ಅದರ ಬಲವಾಯಿತು.

ಶಸ್ತ್ರಚಿಕಿತ್ಸೆ

ರೋಗಿಯನ್ನು ಬೋರಲು ಮಲಗಿಸಿ, ಮೊದಲು ಕ್ಷಕಿರಣದಿಂದ ಮಣಿಗಳನ್ನು ಎಣಿಸುತ್ತಾರೆ. ಎದೆಮಟ್ಟದ ಮಣಿಗಳೆಲ್ಲ ಒಂದೇ ರೀತಿ ಕಾಣುವುದರಿಂದ ಎಣಿಕೆ ತಪ್ಪುವ ಅಪಾಯ ನಿಜವಾದದ್ದು. ಒಳ್ಳೆಯ ತಂಡಗಳು ಈ ಕೆಲಸಕ್ಕೆ ಆತುರಪಡುವುದಿಲ್ಲ. ಬಳಿಕ ಮಣಿಯ ಹಿಂಭಾಗದ ಕಮಾನನ್ನು ತೆಗೆದು, ಕೆಲವೊಮ್ಮೆ ಅದರ ಅರ್ಧವನ್ನಷ್ಟೇ ತೆಗೆದು, ಸೂಕ್ಷ್ಮದರ್ಶಕದಡಿ ಡ್ಯೂರಾವನ್ನು ಉದ್ದಕ್ಕೆ ಸೀಳುತ್ತಾರೆ. ಗಡ್ಡೆಯನ್ನು ಇಡಿಯಾಗಿ ಎಳೆಯುವಂತಿಲ್ಲ. ಎಳೆದರೆ ಮೊದಲೇ ಬಳಲಿದ ಹುರಿ ಹಾಳಾಗುತ್ತದೆ. ಶ್ರವಣಾತೀತ ತರಂಗಗಳಿಂದ ಒಳಗಿನಿಂದ ಕರಗಿಸಿ ಹೀರಿ, ಟೊಳ್ಳು ಮಾಡಿ, ಕುಗ್ಗಿದ ಸಿಪ್ಪೆಯನ್ನು ಹುರಿಯಿಂದ ದೂರಕ್ಕೆ ಮಡಚಿ ತೆಗೆಯುತ್ತಾರೆ. ಈ ಹೊತ್ತಿನಲ್ಲಿ ಕಾಲಿನ ಸ್ನಾಯುಗಳಿಗೂ ಮಿದುಳಿಗೂ ನಡುವೆ ಸಂಕೇತಗಳು ಸರಿಯಾಗಿ ಓಡಾಡುತ್ತಿವೆಯೇ ಎಂದು ಯಂತ್ರದಲ್ಲಿ ನೋಡುತ್ತಲೇ ಇರುವುದು ದೊಡ್ಡ ಕೇಂದ್ರಗಳ ಪದ್ಧತಿ.

ಗಡ್ಡೆ ಅಂಟಿದ್ದ ಡ್ಯೂರಾವನ್ನು ಕತ್ತರಿಸಿ ತೇಪೆ ಹಾಕಬೇಕೆ, ಸುಟ್ಟು ಬಿಟ್ಟರೆ ಸಾಕೆ? ಡೊನಾಲ್ಡ್ ಸಿಂಪ್ಸನ್ 1957ರಲ್ಲಿ ಮಾಡಿದ ದರ್ಜೆಪಟ್ಟಿಯಲ್ಲಿ ಕತ್ತರಿಸುವುದು ಮೊದಲನೆಯ ದರ್ಜೆ, ಸುಡುವುದು ಎರಡನೆಯದು. ತಲೆಬುರುಡೆಯೊಳಗೆ ಈ ಅಂತರ ಮುಖ್ಯ. ಬೆನ್ನಿನಲ್ಲಿ, ಅದರಲ್ಲೂ ಗಡ್ಡೆ ಹುರಿಯ ಮುಂಭಾಗದಲ್ಲಿದ್ದಾಗ, ಕತ್ತರಿಸಲು ಹೋಗಿ ದ್ರವ ಸೋರುವಂತೆ ಮಾಡುವುದಕ್ಕಿಂತ ಸುಡುವುದೇ ವಿವೇಕ ಎಂಬುದು ಬಹುಮಂದಿ ಶಸ್ತ್ರಚಿಕಿತ್ಸಕರ ಅನುಭವ. ಮರುಕಳಿಕೆ ಎರಡರಲ್ಲೂ ಕಡಿಮೆ.

ತೆಗೆದ ಗಡ್ಡೆಯನ್ನು ಬಯಾಪ್ಸಿಗೆ ಕಳಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಿ ಮೆನಿಂಜಿಯೋಮಾಕ್ಕೆ ಮೂರು ದರ್ಜೆಗಳಿವೆ. ಬೆನ್ನಿನವು ಬಹುಪಾಲು ಒಂದನೆಯವು, ಅವುಗಳಲ್ಲೂ ಮರಳಿನಂಥ ಸುಣ್ಣದ ಕಾಳುಗಳಿರುವ ಸಾಮೋಮಾ ಬಗೆ ಸಾಮಾನ್ಯ. ಕಿರಿಯರಲ್ಲಿ ಬರುವ ಕ್ಲಿಯರ್ ಸೆಲ್ ಬಗೆ ಎರಡನೆಯ ದರ್ಜೆಯದು, ಮತ್ತೆ ಬೆಳೆಯುವ ಸ್ವಭಾವದ್ದು, ಎಸ್‌ಎಂಎಆರ್‌ಸಿಇ1 ಎಂಬ ವಂಶವಾಹಿಯ ದೋಷಕ್ಕೆ ಸೇರಿದ್ದು. ಒಂಟಿ ನಾರುಗಡ್ಡೆ, ಕಪ್ಪು ವರ್ಣದ್ರವ್ಯ ತುಂಬಿದ ಮೆಲನೋಸೈಟೋಮಾ ಎಂಬ ಇನ್ನೂ ಅಪರೂಪದ ಪೊರೆಗಡ್ಡೆಗಳು ಚಿತ್ರದಲ್ಲಿ ಮೆನಿಂಜಿಯೋಮಾದಂತೆಯೇ ಕಂಡು ಬಯಾಪ್ಸಿಯಲ್ಲಿ ಮಾತ್ರ ಗುರುತು ಬಿಟ್ಟುಕೊಡುತ್ತವೆ. ಸ್ತನ, ಶ್ವಾಸಕೋಶದ ಕ್ಯಾನ್ಸರ್ ಪೊರೆಗೆ ಹರಡಿದ್ದರೆ ಅದು ಬೇರೆಯೇ ರೋಗ, ಬೇರೆಯೇ ಚಿಕಿತ್ಸೆ.

ಮೊದಲ ದರ್ಜೆಯ ಗಡ್ಡೆ ಪೂರ್ತಿ ಹೊರಬಂದರೆ ವಿಕಿರಣವೂ ಬೇಡ, ಕಿಮೋಥೆರಪಿಯೂ ಬೇಡ. ಉಳಿದದ್ದಕ್ಕೆ, ಮರಳಿದ್ದಕ್ಕೆ, ಮೇಲಿನ ದರ್ಜೆಯವಕ್ಕೆ ವಿಕಿರಣವನ್ನು ಯೋಚಿಸುತ್ತಾರೆ. ಹುರಿ ತಾಳುವ ವಿಕಿರಣಕ್ಕೆ ಮಿತಿ ಇರುವುದರಿಂದ ಲೆಕ್ಕ ಬಿಗಿ. ವಯಸ್ಸಾಯಿತು, ಆಪರೇಷನ್ ಬೇಡ ಎಂಬ ಮಾತು ಮನೆಗಳಲ್ಲಿ ಬರುತ್ತದೆ. ಎಪ್ಪತ್ತು ದಾಟಿದವರೂ ಈ ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳುತ್ತಾರೆ. ವಯಸ್ಸೊಂದೇ ತಡೆಯಾಗಬಾರದು.

ಆಳಂದ, ಅಫಜಲಪುರ, ಜೇವರ್ಗಿಯಿಂದ

ಮೂರೂ ಊರುಗಳಿಗೆ ಹತ್ತಿರದ ದೊಡ್ಡ ಕೇಂದ್ರ ಕಲಬುರಗಿ. ಆಳಂದ, ಜೇವರ್ಗಿ ಅಲ್ಲಿಂದ ಸುಮಾರು 40 ಕಿಲೋಮೀಟರ್. ಭೀಮಾ ತೀರದ ಅಫಜಲಪುರ ಇನ್ನೂ ದೂರ. ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್, ಇಎಸ್‌ಐ ವೈದ್ಯಕೀಯ ಕಾಲೇಜು, 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನ ಬಸವೇಶ್ವರ ಆಸ್ಪತ್ರೆ ಇವೆ. ಆಳಂದ, ಅಫಜಲಪುರದ ಗಡಿ ಹಳ್ಳಿಯವರು ಮೊದಲಿನಿಂದಲೂ ಸೊಲ್ಲಾಪುರಕ್ಕೆ ಹೋಗುತ್ತಾರೆ. 1948ರವರೆಗೆ ಈ ಸೀಮೆ ನಿಜಾಮರ ಸಂಸ್ಥಾನದಲ್ಲಿದ್ದುದರಿಂದ ಹೈದರಾಬಾದಿನ ದಾರಿಯೂ ಪರಿಚಿತ. ಬೆಂಗಳೂರಿನ ನಿಮ್ಹಾನ್ಸ್ ಐದುನೂರು ಕಿಲೋಮೀಟರಿಗೂ ಆಚೆ, ರಾತ್ರಿಯಿಡೀ ಪ್ರಯಾಣ. ಮೂತ್ರ ಕಟ್ಟಿದ, ಕಾಲು ಬೇಗ ಸೋಲುತ್ತಿರುವ ರೋಗಿಯನ್ನು ಹೊರಡಿಸುವ ಮುನ್ನ ಕ್ಯಾತಿಟರ್ ಹಾಕಿಸಿ, ಎಂಆರ್‌ಐ ಫಿಲ್ಮನ್ನು ಕೈಯಲ್ಲಿ ಕೊಟ್ಟು, ಹೋಗುವ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸಕರು ಅಂದು ಇದ್ದಾರೆಯೇ ಎಂದು ಫೋನಿನಲ್ಲಿ ವಿಚಾರಿಸುವುದು ಕಳಿಸುವವರ ಹೊಣೆ.

ದುಡ್ಡಿನ ವಿಚಾರದಲ್ಲಿ ಈ ಸೀಮೆಗೆ ಒಂದು ಇತಿಹಾಸವಿದೆ. ಬಡವರ ದೊಡ್ಡ ಶಸ್ತ್ರಚಿಕಿತ್ಸೆಗಳ ಖರ್ಚು ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ರಾಜ್ಯ ಸರ್ಕಾರ 2010ರಲ್ಲಿ ಮೊದಲು ಆರಂಭಿಸಿದ್ದು ಗುಲ್ಬರ್ಗ (ಈಗಿನ ಕಲಬುರಗಿ) ವಿಭಾಗದಲ್ಲಿಯೇ. ಹೃದಯ, ಕ್ಯಾನ್ಸರ್ ಜೊತೆ ನರರೋಗಗಳೂ ಅದರಲ್ಲಿದ್ದವು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದರ ಪರಿಣಾಮ ಅಳೆದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು: ಯೋಜನೆಗೆ ಒಳಪಟ್ಟ ರೋಗಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ಗಣನೀಯವಾಗಿ ತಗ್ಗಿತ್ತು. 2018ರಿಂದ ಅದರ ಜಾಗದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಉಳಿದವರಿಗೆ 1.5 ಲಕ್ಷದ ಮಿತಿಯೊಳಗೆ ಶೇ. 30ರಷ್ಟು ನೆರವು. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆ ಪತ್ರದಲ್ಲಿ "ಬೆನ್ನುನೋವು" ಎಂದು ಬರೆಯದೆ ಹುರಿ ಒತ್ತಿಹೋಗಿದೆ ಎಂದು ಸ್ಪಷ್ಟವಾಗಿ ಬರೆದರೆ ಮುಂದಿನ ಆಸ್ಪತ್ರೆಯಲ್ಲಿ ರೋಗಿ ಸಾಲಿನ ಮುಂದೆ ಬರುತ್ತಾರೆ.

ಆಪರೇಷನ್ ಆದ ಮೇಲೆ

ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ, ಮೂತ್ರದ ಹಿಡಿತ ಎಲ್ಲಕ್ಕಿಂತ ನಿಧಾನ. ಚೇತರಿಕೆ ತಿಂಗಳುಗಟ್ಟಲೆ ಮುಂದುವರಿಯುವುದರಿಂದ ಮೊದಲ ವಾರದಲ್ಲಿ ಕಾಲು ಏಳಲಿಲ್ಲವೆಂದು ಕೈಚೆಲ್ಲಬಾರದು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ ಹಾಸಿಗೆ ಹುಣ್ಣು ತಡೆಯುವುದು, ಕಾಲಿನ ಕೀಲುಗಳು ಬಿಗಿಯದಂತೆ ದಿನವೂ ಮಡಚಿ ಚಾಚಿಸುವುದು, ಸ್ಪರ್ಶ ತಿಳಿಯದ ಕಾಲನ್ನು ಬಿಸಿನೀರಿನ ಚೀಲದಿಂದ, ಒಲೆಯಿಂದ ಕಾಪಾಡುವುದು ಮನೆಯವರ ಕೆಲಸ. ಬಾವು ಬಂದ ಮೀನಖಂಡ, ಗಾಯದಿಂದ ಸೋರುವ ತಿಳಿನೀರು, ತಲೆನೋವಿನೊಡನೆ ಜ್ವರ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ದೌರ್ಬಲ್ಯ ಉಳಿದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರವೂ ಯುಡಿಐಡಿ ಕಾರ್ಡೂ ಸಿಗುತ್ತವೆ.

ಮರುಕಳಿಕೆ ನೂರರಲ್ಲಿ ಕೆಲವರಿಗಷ್ಟೇ. ಬಂದರೆ ಹತ್ತು ವರ್ಷದ ಮೇಲೂ ಬರಬಹುದು. ಆಪರೇಷನ್ನಿನ ಕೆಲವು ತಿಂಗಳ ನಂತರ ಒಂದು ಎಂಆರ್‌ಐ, ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಮತ್ತೆ. ಹಳೆಯ ಫಿಲ್ಮು, ಬಯಾಪ್ಸಿ ಚೀಟಿ, ಡಿಸ್ಚಾರ್ಜ್ ಕಾಗದ ಒಂದೇ ಚೀಲದಲ್ಲಿ ಉಳಿಸಿಕೊಂಡರೆ, ಹತ್ತು ವರ್ಷದ ನಂತರ ನೋಡುವ ಹೊಸ ವೈದ್ಯರು ಯಾವ ಮಣಿಯ ಮಟ್ಟದಲ್ಲಿ ಹುಡುಕಬೇಕೆಂದು ಮೊದಲ ದಿನವೇ ತಿಳಿಯುತ್ತಾರೆ.